ಬ್ಯಾಟಿಗೊಂದು ಪಾಲು

ನಮ್ಮ ಆಫೀಸಿನಲ್ಲಿ ಯಾರಾದರೂ ಮಕ್ಕಳಿಗೆ ಕ್ರಿಕೆಟ್ ಬ್ಯಾಟು ಕೊಡಿಸುವುದಿದ್ದರೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ನಾನು ಒಂದು ಕಾಲದಲ್ಲಿ ಭಾರೀ ಆಟಗಾರನಾಗಿದ್ದೆ ಎಂದು ಅವರು ತಿಳಿದಿದ್ದಾರೆ. ಆ ತಿಳಿವಳಿಕೆಯನ್ನು ತಿದ್ದಲು ನಾನೂ ಮೈಮುರಿದು ಪ್ರಯತ್ನಪಟ್ಟವನಲ್ಲ. ನಿಜ ಹೇಳಬೇಕೆಂದರೆ, ಆಡುವ ವಯಸ್ಸಿನಲ್ಲಿ ನಾನು ನಮ್ಮ ಟೀಮಿನ ಹನ್ನೊಂದನೆಯ ಬ್ಯಾಟ್ಸ್‌ಮನ್. ಹನ್ನೆರಡು ಜನ ಬಂದ ದಿನ ಅಂಪೈರು. ಹೆಚ್ಚಿನ ದಿನ ಹನ್ನೆರಡು ಜನ ಬರುತ್ತಿದ್ದರು.

ಮೊನ್ನೆ ಹಾಗೇ ಪಕ್ಕದ ಟೇಬಲ್ಲಿನ ಸುಮಂಗಲಾ ಮೇಡಂ ಕರೆದರು. ಅವರ ಯಜಮಾನರಿಗೆ ಕದ್ರಾದ ಪವರ್ ಹೌಸಿನಲ್ಲಿ ಕೆಲಸ, ಮನೆಯೂ ಅಲ್ಲೇ ಕಾಲನಿಯಲ್ಲಿ. ಶಾಲೆಗೆ ರಜೆ ಇದ್ದುದರಿಂದ ಮಗಳು ತಾಯಿಯ ಜೊತೆ ಬಸ್ಸಿನಲ್ಲಿ ಕಾರವಾರಕ್ಕೆ ಬಂದಿದ್ದಳು. ಊಟದ ಬಿಡುವಿನಲ್ಲಿ ಮೂವರೂ ನನಗೆ ಪರಿಚಯವಿದ್ದ ಹಳೆಯ ಅಂಗಡಿಗೆ ಹೋದೆವು. ಹುಡುಗಿ ಬ್ಯಾಟುಗಳನ್ನು ಒಂದೊಂದಾಗಿ ಎತ್ತಿ ಸ್ಟಿಕರಿನ ಬಣ್ಣ ನೋಡುತ್ತಿದ್ದಳು. ಮೇಡಂ ಅದೇ ಬ್ಯಾಟುಗಳನ್ನು ಮಗುಚಿ ಬೆಲೆ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ನನ್ನ ಮಾಮೂಲಿ ಪ್ರಶ್ನೆ ಕೇಳಿದೆ.

"ನೀನು ಆಡುವ ಜಾಗದಲ್ಲಿ ಸಮುದ್ರ ಯಾವ ಬದಿಗೆ ಬರ್ತದೆ?"

ಮೇಡಂ ನನ್ನ ಮುಖ ನೋಡಿದರು. ಕದ್ರಾದಲ್ಲಿ ಎಲ್ಲಿಯ ಸಮುದ್ರ, ಅಲ್ಲಿರುವುದು ಡ್ಯಾಮು ಎಂದರು. ಹುಡುಗಿ ಮಾತ್ರ ಸ್ವಲ್ಪ ಯೋಚಿಸಿ, ಲೆಗ್ ಸೈಡಿಗೆ ಇಂಜಿನಿಯರ್ ಅಂಕಲ್ ಮನೆಯ ಕಿಟಕಿ ಬರುತ್ತದೆ, ಅತ್ತ ಹೊಡೆದರೆ ಔಟು ಎಂದಳು. ನಾನು ಕೇಳಿದ್ದೂ ಅದನ್ನೇ. ಎಲ್ಲರಿಗೂ ಒಂದೊಂದು ಸಮುದ್ರ ಇರುತ್ತದೆ, ಕೆಲವರಿಗೆ ಅದಕ್ಕೆ ಗಾಜು ಹಾಕಿಸಿರುತ್ತಾರೆ ಅಷ್ಟೆ.

ಬ್ಯಾಟು ಕೊಳ್ಳಲು ಬಂದವರಿಗೆ ಇದೆಂಥ ಪ್ರಶ್ನೆ ಎಂದು ನಿಮಗೂ ಅನ್ನಿಸಿರಬಹುದು. ಅದಕ್ಕೆ ನೀವು ನನ್ನ ಜೊತೆ ಹಾರವಾಡದ ತನಕ ಬರಬೇಕಾಗುತ್ತದೆ. ದೂರವೇನಿಲ್ಲ, ಕಾರವಾರದಿಂದ ಅಂಕೋಲೆಯ ಬಸ್ಸು ಹತ್ತಿದರೆ ನಡುವೆ ಸಿಗುವ ಊರು. ಹೆದ್ದಾರಿಯಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ನಮ್ಮ ಮನೆ, ಇನ್ನೂ ಸ್ವಲ್ಪ ನಡೆದರೆ ಮೀನುಗಾರರ ಕೇರಿ, ಆಮೇಲೆ ಗಾಳಿಮರದ ಸಾಲು, ಆಮೇಲೆ ನಮ್ಮ ಸ್ಟೇಡಿಯಂ. ಸ್ಟೇಡಿಯಂ ಅಂದರೆ ಇಳಿತದ ಹೊತ್ತಿಗೆ ಸಮುದ್ರ ನಮಗೆ ಬಿಟ್ಟುಕೊಡುತ್ತಿದ್ದ ಒದ್ದೆ ಮರಳು. ಒದ್ದೆಯಾದಾಗ ಅದು ಸಿಮೆಂಟಿನಷ್ಟು ಗಟ್ಟಿ. ಆದರೆ ಬಾಲು ಮೇಲೇಳುವುದಿಲ್ಲ. ಬೌಲರ್ ಎಷ್ಟೇ ಜೋರಾಗಿ ಹಾಕಲಿ, ಮೊಣಕಾಲಿನ ಕೆಳಗೇ ಜಾರಿಕೊಂಡು ಬರುತ್ತದೆ. ಹಾಗಾಗಿ ನಮ್ಮ ಊರಿನ ಬ್ಯಾಟ್ಸ್‌ಮನ್‌ಗಳೆಲ್ಲ ನಡು ಬಗ್ಗಿಸಿ, ಬಿದ್ದ ನಾಣ್ಯ ಹುಡುಕುವವರ ಹಾಗೆ ನಿಲ್ಲುತ್ತಿದ್ದರು.

ಪಿಚ್ಚಿನ ದಕ್ಷಿಣ ತುದಿಯಲ್ಲಿ ಒಂದು ಹಳೆಯ ದೋಣಿ ಮಗುಚಿ ಬಿದ್ದಿತ್ತು. ತಳ ಒಡೆದು ಎಷ್ಟೋ ಕಾಲವಾಗಿತ್ತು. ಅದೇ ನಮ್ಮ ವಿಕೆಟ್ ಕೀಪರ್. ತಪ್ಪಿದ ಬಾಲು ಅದಕ್ಕೆ ಬಡಿದು ನಿಲ್ಲುತ್ತಿತ್ತು. ದೋಣಿ ಇದ್ದಲ್ಲಿ ಸ್ಟಂಪು, ಸ್ಟಂಪು ಇದ್ದಲ್ಲಿ ಬ್ಯಾಟ್ಸ್‌ಮನ್. ಬೌಲಿಂಗು ಯಾವಾಗಲೂ ಉತ್ತರದಿಂದ. ಓವರಿಗೊಮ್ಮೆ ತುದಿ ಬದಲಿಸುವ ಪದ್ಧತಿ ನಮ್ಮಲ್ಲಿರಲಿಲ್ಲ, ಏಕೆಂದರೆ ಕೀಪರ್ ಎದ್ದು ಆ ಕಡೆ ಹೋಗುವಂತಿರಲಿಲ್ಲ.

ಕ್ರಿಕೆಟ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಬಲಗೈ ಆಟಗಾರ ನಿಂತಾಗ ಅವನ ಎದೆಯ ಕಡೆ ಇರುವುದು ಆಫ್ ಸೈಡು, ಬೆನ್ನಿನ ಕಡೆ ಇರುವುದು ಲೆಗ್ ಸೈಡು. ಹೀಗೆ ಉತ್ತರಕ್ಕೆ ಮುಖಮಾಡಿ ಆಡಿದರೆ ಎದೆಯ ಕಡೆ ಗಾಳಿಮರ, ಬೆನ್ನಿನ ಕಡೆ ಸಮುದ್ರ. ಸಮುದ್ರಕ್ಕೆ ಹೊಡೆದರೆ ಔಟು, ಮೇಲಾಗಿ ಹೊಡೆದವನೇ ಹೊಸ ಬಾಲು ತರಬೇಕು, ಯಾರೂ ನೀರಿಗಿಳಿಯಕೂಡದು. ಈ ಕಾನೂನು ಮಾಡಿದವರು ಕೇರಿಯ ತಾಂಡೇಲರು, ಅಂದರೆ ದೋಣಿಯ ಯಜಮಾನರು. ಅವರ ಮಗ ದಾಮು ಚಿಕ್ಕವನಿದ್ದಾಗ ಆಷಾಢದ ಒಂದು ದಿನ ಬಾಲಿನ ಹಿಂದೆ ನೀರಿಗೆ ಹೋಗಿಬಿಟ್ಟಿದ್ದ. ತೆರೆ ಅವನನ್ನು ಉರುಳಿಸಿಕೊಂಡು ಹೋಗುವಷ್ಟರಲ್ಲಿ ತಾಂಡೇಲರು ತಲೆಕೂದಲು ಹಿಡಿದು ಎಳೆದು ತಂದರು. ಮರುದಿನವೇ ಕಾನೂನು ಬಂತು. ಅವರ ಮಾತನ್ನು ದೊಡ್ಡವರೇ ಮೀರುತ್ತಿರಲಿಲ್ಲ, ನಾವೆಲ್ಲ ಯಾವ ಲೆಕ್ಕ?

ಹಾಗಾಗಿ ಹಾರವಾಡದಲ್ಲಿ ಲೆಗ್ ಸೈಡಿನ ಹೊಡೆತ ಎಂಬುದೇ ಇರಲಿಲ್ಲ. ಕಾಲಿನ ಮೇಲೆ ಬಾಲು ಬಂದರೆ ಕಾಲೆತ್ತಿ ಬಿಡುವುದು, ದೋಣಿ ನೋಡಿಕೊಳ್ಳುತ್ತದೆ. ನೋಡುವವರೆಲ್ಲ "ಬಿಡು, ಬಿಡು" ಎಂದು ಕೂಗುವುದು. ಚೆನ್ನಾಗಿ ಬಿಟ್ಟವನಿಗೆ ಚಪ್ಪಾಳೆಯೂ ಸಿಗುತ್ತಿತ್ತು. ನನಗೆ ಸಿಕ್ಕ ಚಪ್ಪಾಳೆಗಳೆಲ್ಲ ಆ ಲೆಕ್ಕದವೇ.

ಆ ಬೇಲಿಯೊಳಗೆ ಬೆಳೆದ ಆಟದಲ್ಲಿ ದಾಮುವಿನಷ್ಟು ಚಂದ ಆಡುವವರು ಇರಲಿಲ್ಲ. ಅಪ್ಪನ ದೋಣಿಯಲ್ಲಿ ಹೋಗಿ ಬಂದು, ಬಲೆ ಕೊಡವಿ, ಸಂಜೆ ಬ್ಯಾಟು ಹಿಡಿಯುತ್ತಿದ್ದ. ಎಡಗಾಲು ಮುಂದೆ ಚಾಚಿ, ಮೊಣಕಾಲು ಮರಳಿಗೆ ಮುಟ್ಟುವಷ್ಟು ಬಗ್ಗಿ ಅವನು ಆಫ್ ಸೈಡಿಗೆ ಹೊಡೆದ ಬಾಲು ನೆಲ ಬಿಡದೆ ಗಾಳಿಮರದ ಬುಡಕ್ಕೆ ಹೋಗುತ್ತಿತ್ತು. ಅಲ್ಲಿ ನಾಗಮ್ಮತ್ತೆ ತಾರ್ಲೆ ಮೀನು ಒಣಹಾಕುತ್ತಿದ್ದಳು. ಎಲ್ಲರಿಗೂ ಅವಳು ಅತ್ತೆಯೇ. ಅವಳ ಮೀನಿನ ಮೇಲೆ ಬಿದ್ದ ಬಾಲು ಸೀದಾ ಅವಳ ಬುಟ್ಟಿಗೆ. ಕತ್ತಲಾಗಿ, ನಮ್ಮ ವಂಶವನ್ನೆಲ್ಲ ಬೈದು ಮುಗಿದ ಮೇಲೆ ವಾಪಸ್ಸು ಕೊಡುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಡಿಗ್ರಿ ಮುಗಿಸಿ ಕಾರವಾರದಲ್ಲಿ ಆಫೀಸುಗಳ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಯಾರೋ ಪ್ರತಿ ಮಾಡಿಸಲು ತಂದ ಕಾಗದದಲ್ಲಿ, ದೀಪಾವಳಿ ಕಳೆದ ಮೇಲೆ ಜಿಲ್ಲೆಯ ಟೀಮಿಗೆ ಆಯ್ಕೆ ನಡೆಯುತ್ತದೆ, ಲೆದರ್ ಬಾಲು, ಬ್ಯಾಟು ತಮ್ಮದೇ ತರಬೇಕು ಎಂದಿತ್ತು. ಅವರಿಗೆ ಬೇಕಾದಷ್ಟು ಪ್ರತಿ ತೆಗೆದುಕೊಟ್ಟು, ವಿಷಯವನ್ನು ಸಂಜೆಯ ಬಸ್ಸಿನಲ್ಲಿ ಊರಿಗೆ ತಂದೆ.

ದಾಮು ಅಪ್ಪನನ್ನು ಕೇಳಿದ. ನಾವೆಲ್ಲ ಅವರ ಮನೆಯ ಬೇಲಿಯ ಹೊರಗೆ ನಿಂತಿದ್ದೆವು. ತಾಂಡೇಲರು ಕೂಗಾಡುವವರಲ್ಲ.

"ಒಂದ್ಸಲ ಹೋಗಿ ಬಾ. ತಗೊಂಡ್ರೆ ಹೋಗು, ನಾ ಬೇಡ ಅನ್ನೂದಿಲ್ಲ. ತಗೊಳ್ಳದಿದ್ರೆ ಮತ್ತೆ ಈ ಬಾಲಿನ ಮಾತು ಬೇಡ. ದೋಣಿ ಅದೆ, ಬಲೆ ಅದೆ."

ದಾಮು ಆಗಲಿ ಎಂದ. ಬೇರೆ ಏನು ಹೇಳಿಯಾನು? ಆದರೆ ಬ್ಯಾಟು ಎಲ್ಲಿತ್ತು? ನಮ್ಮ ಟೀಮಿಗೆ ಇದ್ದದ್ದು ಒಂದೇ, ಅದರ ಹಿಡಿ ಬಿರುಕು ಬಿಟ್ಟು ಬಲೆಯ ದಾರ ಸುತ್ತಿದ್ದೆವು. ಟೆನಿಸ್ ಬಾಲಿಗೆ ನಡೆಯುತ್ತಿತ್ತು. ಲೆದರ್ ಬಾಲು ತಗುಲಿದರೆ ಬ್ಯಾಟು ಒಂದು ಕಡೆ, ಹಿಡಿ ಒಂದು ಕಡೆ.

ಈಗ ರಂಪಣಿಯ ವಿಷಯ ಹೇಳಬೇಕು. ರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿಯವರು ಬಲೆಯನ್ನು ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟುಬರುತ್ತಾರೆ, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಕೇರಿಯೆಲ್ಲ ಸೇರಿ ಎಳೆಯುತ್ತದೆ. ಗಂಡಸರು, ಹೆಂಗಸರು, ನಮ್ಮಂಥ ಪಕ್ಕದ ಕೇರಿಯವರು, ಯಾರು ಹಗ್ಗಕ್ಕೆ ಕೈ ಹಾಕಿದರೂ ಒಂದು ಪಾಲು. ಮೀನು ಮಾರಿ ಬಂದದ್ದರಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ದೇವರಿಗೆ ಪಾಲು ತೆಗೆದಿಟ್ಟು ಉಳಿದದ್ದನ್ನು ಎಳೆದವರಿಗೆ ಹಂಚುತ್ತಾರೆ. ದೋಣಿಯೇನು ಊಟ ಮಾಡುತ್ತದೆಯೇ ಎಂದು ಕೇಳಬೇಡಿ. ದುಡಿದದ್ದಕ್ಕೆ ಪಾಲು, ಅದು ಮನುಷ್ಯರಾದರೂ ಸರಿ, ಮರವಾದರೂ ಸರಿ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಒಳ್ಳೆಯ ಬಾಂಗಡೆ ಬಿತ್ತು. ಎಳೆದು ಎಳೆದು ನನ್ನ ಅಂಗೈ ಸುಲಿದುಹೋಗಿತ್ತು. ಹಂಚುವ ಹೊತ್ತಿಗೆ ನಮ್ಮ ಕ್ಯಾಪ್ಟನ್ ವಿಠೋಬ ಎದ್ದುನಿಂತ. ಅವನೂ ದೋಣಿಯವನೇ, ತೋಳು ಎಂದರೆ ತೆಂಗಿನ ಮರ.

"ಬಲೆಗೊಂದು ಪಾಲು ಅದೆ, ದೋಣಿಗೊಂದು ಪಾಲು ಅದೆ. ನಮ್ಮ ಬ್ಯಾಟಿಗೂ ಒಂದು ಪಾಲು ಇಡಿ."

ದೊಡ್ಡವರು ನಕ್ಕರು. ತಾಂಡೇಲರು ನಗಲಿಲ್ಲ. ಬ್ಯಾಟಿಗೊಂದು ಪಾಲು ತೆಗೆಯಿರಿ ಎಂದರು. ಆ ದಿನದ್ದು ಮಾತ್ರವಲ್ಲ, ದೀಪಾವಳಿಯ ತನಕ ಬಲೆ ಬಿದ್ದಾಗಲೆಲ್ಲ ಬ್ಯಾಟಿನ ಪಾಲು ಬೇರೆ ತೆಗೆದಿಡುತ್ತಿದ್ದರು.

ಇದರಿಂದ ಒಂದು ತೊಂದರೆಯಾಯಿತು. ಪಾಲು ಎಲ್ಲರ ದುಡಿಮೆಯಿಂದ ಬಂದದ್ದಾದ್ದರಿಂದ ಬ್ಯಾಟು ಎಲ್ಲರದ್ದೂ ಆಯಿತು. ಕ್ರಿಕೆಟ್ ಎಂದರೆ ಏನೆಂದು ಗೊತ್ತಿಲ್ಲದವರೂ ಎಂಥ ಬ್ಯಾಟು ತರಬೇಕೆಂದು ಹೇಳತೊಡಗಿದರು. ಹಲಸಿನ ಮರದ್ದು ಗಟ್ಟಿ ಎಂದರು ಒಬ್ಬರು. ಅಗಲದ್ದೇ ತನ್ನಿ, ಬಾಲು ತಪ್ಪುವುದೇ ಬೇಡ ಎಂದರು ಇನ್ನೊಬ್ಬರು. ಅದರಲ್ಲೂ ನಾಗಮ್ಮತ್ತೆ ಬಿಡುವವಳಲ್ಲ. ದಾಮು ದಂಡೆಯ ಮೇಲೆ ಸಿಕ್ಕಾಗ ನೇರವಾಗಿ ಕೇಳಿದಳು.

"ಪಾಲು ತೆಗ್ದ ಮೇಲೆ ಅದರಲ್ಲಿ ನಂದೂ ಅದೆ ಅಲ್ದಾ? ನನ್ನ ಪಾಲಿಗೆ ಎಂತಾ ಬತ್ತದೆ?"

"ನಿಂಗೊಂದು ಹೊಡ್ತ ಬತ್ತದೆ ಅತ್ತೆ," ಎಂದ ದಾಮು. "ನಿನ್ನ ಹೆಸರು ಹೇಳೇ ಹೊಡೀತೆ."

ಅವಳು ಹ್ಞೂಂ ಎಂದು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋದಳು. ಮರೆಯುವ ಹೆಂಗಸಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಬ್ಯಾಟು ತರಲು ದಾಮು, ವಿಠೋಬ ಮತ್ತು ನಾನು ಹೋದೆವು. ನಾನು ಯಾಕೆಂದರೆ ದಿನಾ ಕಾರವಾರಕ್ಕೆ ಹೋಗುವವನು, ಊಟದ ಹೊತ್ತಿನಲ್ಲಿ ಆಟದ ಸಾಮಾನಿನ ಆ ಹಳೆಯ ಅಂಗಡಿಯ ಕಿಟಕಿಗೆ ಮೂಗು ಒತ್ತಿಕೊಂಡು ನಿಂತು ವಿದ್ಯೆ ಸಂಪಾದಿಸಿದವನು. ಆ ವಿದ್ಯೆ ಇವತ್ತಿಗೂ ನನ್ನಲ್ಲಿದೆ, ಬೇಕಾದರೆ ನಿಮಗೂ ಹೇಳುತ್ತೇನೆ. ಬ್ಯಾಟನ್ನು ಎರಡು ಕೈಯಲ್ಲಿ ಹಿಡಿದು ಬೀಸಿ ನೋಡಬೇಡಿ, ಆಗ ಎಲ್ಲ ಬ್ಯಾಟೂ ಹಗುರವೇ. ಹಿಡಿಯ ತುದಿಯನ್ನು ಮೇಲಿನ ಕೈಯೊಂದರಲ್ಲೇ ಹಿಡಿದು ಎದುರಿಗೆ ಚಾಚಿ ನಿಲ್ಲಿ. ಮಣಿಕಟ್ಟು ನಡುಗಿದರೆ ವಾಪಸ್ಸು ಇಡಿ. ಮರದ ಗೆರೆ ಮೇಲಿಂದ ಕೆಳಗೆ ನೆಟ್ಟಗೆ ಇಳಿದಿದೆಯೇ ನೋಡಿ. ಬೆನ್ನಿನ ಉಬ್ಬು ಎಲ್ಲಿದೆ ನೋಡಿ. ಬಾಲು ಎದ್ದು ಬರುವ ನೆಲದಲ್ಲಿ ಆಡುವವರಿಗೆ ಉಬ್ಬು ಮೇಲಿರಬೇಕು, ಜಾರಿ ಬರುವ ನೆಲದವರಿಗೆ ಕೆಳಗಿರಬೇಕು. ಸ್ಟಿಕರ್ ನೋಡಬೇಡಿ, ಅದು ಮಳೆಗಾಲದಲ್ಲಿ ಹೇಗೂ ಕಿತ್ತುಬರುತ್ತದೆ.

ಅಂಗಡಿಯವರು ಮೊದಲು ಇಂಗ್ಲಿಷ್ ವಿಲೋ ತೆಗೆದು ತೋರಿಸಿದರು. ಬಿಳಿ ಮರ, ಮುಟ್ಟಿದರೆ ಕೈಗೆ ನುಣುಪು. ಎಷ್ಟರೊಳಗೆ ಬೇಕು ಎಂದು ಆಮೇಲೆ ಕೇಳಿದರು. ಹೇಳಿದೆವು. ಮರುಮಾತಾಡದೆ ಇಂಗ್ಲಿಷ್ ವಿಲೋವನ್ನು ಅಟ್ಟಕ್ಕೆ ವಾಪಸ್ಸು ಇಟ್ಟು, ಕಾಶ್ಮೀರ್ ವಿಲೋದ ಸಾಲಿಗೆ ನಮ್ಮನ್ನು ಕರೆದೊಯ್ದರು.

ಅಲ್ಲಿ ಎರಡು ಬ್ಯಾಟು ಉಳಿದವು. ಒಂದು ಭಾರದ್ದು, ದಪ್ಪ ಅಂಚಿನದು, ಟೆನಿಸ್ ಬಾಲನ್ನು ಗಾಳಿಮರದ ಆಚೆ ಕಳಿಸುವಂಥದ್ದು. ಅದು ವಿಠೋಬನ ಕೈಯಲ್ಲಿತ್ತು. ಅವನಿಗೆ ಬ್ಯಾಟು ಎಂದರೆ ದೋಣಿಯ ಹುಟ್ಟಿನ ಹಾಗೆ ಕೈತುಂಬ ಇರಬೇಕು. ಇನ್ನೊಂದು ಹಗುರದ್ದು, ಉಬ್ಬು ಕೆಳಗಿದ್ದದ್ದು, ಲೆದರ್ ಬಾಲಿಗೆ ಮಾಡಿದ್ದು. ಅದನ್ನು ನಾನು ಆರಿಸಿ ದಾಮುವಿಗೆ ಕೊಟ್ಟಿದ್ದೆ. ಅವನು ಅಂಗಡಿಯ ನಡುವೆ ತನ್ನ ಮಾಮೂಲಿ ಗತ್ತಿನಲ್ಲಿ ಬಗ್ಗಿ ನಿಂತು, ಇಲ್ಲದ ಬಾಲನ್ನು ಎರಡು ಸಲ ಹೊಡೆದ. ಎರಡೂ ಸಲ ಆಫ್ ಸೈಡಿಗೆ. ಅಂಗಡಿಯವರು ನಗುತ್ತ, ಇಷ್ಟು ಬಗ್ಗಿ ಆಡುವವರನ್ನು ನಾನು ನೋಡಿಲ್ಲ ಎಂದರು.

ವಿಠೋಬ ಭಾರದ ಬ್ಯಾಟನ್ನು ಕೆಳಗಿಟ್ಟ. ಮತ್ತೆ ಒಮ್ಮೆ ಎತ್ತಿಕೊಂಡ. ಟೀಮಿಗೆಲ್ಲ ವರ್ಷಪೂರ್ತಿ ಆಡಲು ಬರುವುದು ಅದೇ ಎಂದು ಮೂವರಿಗೂ ಗೊತ್ತಿತ್ತು. ಆಮೇಲೆ ಅದನ್ನು ಸಾಲಿನಲ್ಲಿ ಇದ್ದ ಜಾಗಕ್ಕೇ ಒರಗಿಸಿದ.

"ದಾಮು ಹಿಡ್ದದ್ದೇ ಕೊಡಿ. ನಂಗೆ ಹಳೇದು ಸಾಕು."

ಅಂಗಡಿಯವರು ಕೊಡುವಾಗ, ಇದಕ್ಕೆ ಎಣ್ಣೆ ಕುಡಿಸಿ ಕೆಲವು ದಿನ ಹಳೇ ಬಾಲಿನಿಂದ ತಟ್ಟಿ ಹದ ಮಾಡಿ ಎಂದರು. ಯಾವ ಎಣ್ಣೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಅಗಸೆ ಎಣ್ಣೆ. ನಮ್ಮ ಕಡೆ ಮರಕ್ಕೆ ಹಚ್ಚುವ ಎಣ್ಣೆ ಎಂದರೆ ಒಂದೇ, ದೋಣಿಗೆ ಹಚ್ಚುವ ಮೀನಿನ ಎಣ್ಣೆ. ದಾಮು ಹಿಂದೆ ಮುಂದೆ ಬಿಡದೆ, ಭಕ್ತಿಯಿಂದ ತಿಕ್ಕಿದ. ಬ್ಯಾಟೂ ಚೆನ್ನಾಗಿ ಕುಡಿಯಿತು. ಆಯ್ಕೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದರೆ ಕಂಡಕ್ಟರು ನಮ್ಮ ಕಾಲ ಬುಡವನ್ನೆಲ್ಲ ಹುಡುಕಿ, ಮೀನಿನ ಬುಟ್ಟಿ ಎಲ್ಲಿಟ್ಟಿದ್ದೀರಿ, ಹಿಂದೆ ಇಡಿ ಎಂದು ಗದರಿಸಿದ. ಬುಟ್ಟಿ ಇಲ್ಲ, ಬ್ಯಾಟು ಎಂದರೆ ನಂಬಲಿಲ್ಲ. ಮೂಸಿ ನೋಡಿದ ಮೇಲೆ ನಂಬಿದ.

ಕಾರವಾರದ ಮೈದಾನದಲ್ಲಿ ಮ್ಯಾಟು ಹಾಸಿದ್ದರು. ಹುಡುಗರೆಲ್ಲ ಬಿಳಿ ಪ್ಯಾಂಟು. ದಾಮು ಯಾರದೋ ಪ್ಯಾಡು ಕಟ್ಟಿಕೊಂಡು, ಖಾಕಿ ಪ್ಯಾಂಟಿನಲ್ಲಿ ಹೋಗಿ ಬಗ್ಗಿ ನಿಂತ. ಕೀಪರು ನಾಲ್ಕು ಹೆಜ್ಜೆ ಹಿಂದೆ ಸರಿದ. ದಾಮುವಿನ ಗತ್ತಿಗೆ ಹೆದರಿದ ಎಂದು ನಾನೂ ವಿಠೋಬನೂ ಹೆಮ್ಮೆಪಟ್ಟೆವು.

ಮೊದಲ ಬಾಲನ್ನೇ ಆಫ್ ಸೈಡಿಗೆ ಹೊಡೆದ. ನೆಲ ಬಿಡದ ಅದೇ ಹೊಡೆತ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಆಯ್ಕೆಯವರಲ್ಲಿ ಒಬ್ಬರು, ಚಹಾ ಕುಡಿಯುತ್ತಿದ್ದವರು, ಲೋಟ ಕೆಳಗಿಟ್ಟರು. ಇನ್ನೊಂದು ಹೊಡೆದ. ಮತ್ತೂ ಒಂದು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ. ಆಗ ಆಯ್ಕೆಯವರು ಬೌಲರನ್ನು ಕರೆದು ಏನೋ ಹೇಳಿದರು. ಆಮೇಲಿನ ಬಾಲು ದಾಮುವಿನ ಕಾಲಿನ ಮೇಲೆ ಬಂತು.

"ಬಿಡು, ಬಿಡು," ಎಂದು ನಾವಿಬ್ಬರೂ ಕೂಗಿದೆವು. ದಾಮು ಬಿಟ್ಟ. ನಾವು ಚಪ್ಪಾಳೆ ತಟ್ಟಿದೆವು.

ಮುಂದಿನದೂ ಕಾಲಿನ ಮೇಲೆ. ಅದನ್ನೂ ಬಿಟ್ಟ. ಅದರ ಮುಂದಿನದು ಪ್ಯಾಡಿಗೆ ಬಡಿಯಿತು. ನಾವು ಮತ್ತೂ ಜೋರಾಗಿ ಚಪ್ಪಾಳೆ ತಟ್ಟಿದೆವು. ಆಯ್ಕೆಯವರು ಕುರ್ಚಿಯಲ್ಲೇ ತಿರುಗಿ ನಮ್ಮನ್ನೊಮ್ಮೆ ನೋಡಿದರು. ಲೆಗ್ ಸೈಡಿನಲ್ಲಿ ಒಬ್ಬನೇ ಒಬ್ಬ ಫೀಲ್ಡರನ್ನು ಅವರು ಬಿಟ್ಟಿರಲಿಲ್ಲ. ಒಣಹುಲ್ಲು, ಗೋಡೆ, ಗೋಡೆಗೆ ಒರಗಿಸಿದ ಒಂದು ಸ್ಕೂಟರು. ಹುಡುಗಾ, ಆ ಕಡೆ ಯಾಕೆ ಹೊಡೆಯುವುದಿಲ್ಲ ಎಂದು ಕೂಗಿ ಕೇಳಿದರು. ದಾಮು ತಿರುಗಿ ಆ ಕಡೆ ನೋಡಿ ತಲೆಯಾಡಿಸಿದ. ಮತ್ತೆ ಬಾಲು ಬಂತು, ಕೈ ಅರ್ಧ ಹೋಗಿ ನಿಂತಿತು, ಮತ್ತೆ ಬಿಟ್ಟ. ಹೀಗೇ ಅವನ ಸರದಿ ಮುಗಿದುಹೋಯಿತು. ಸಂಜೆ ಓದಿ ಹೇಳಿದ ಹೆಸರುಗಳಲ್ಲಿ ಅವನದ್ದಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಬಿಣಗಾ ದಾಟುವಾಗ ದಾಮು ಕಿಟಕಿಯ ಹೊರಗೆ ನೋಡುತ್ತಲೇ, ಆ ಬದಿಗೆ ಹೊಡೆಯಬಹುದಿತ್ತು ಅಲ್ಲವಾ ಎಂದ. ವಿಠೋಬ ಹೌದು ಎಂದ. ನನಗೆ ಅಳು ಬಂದಿತ್ತು. ನಾನು ಅವನ ಆಟಕ್ಕೆ ಸರಿಯಾದ ಬ್ಯಾಟನ್ನೇ ಆರಿಸಿದ್ದೆ, ಅದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವನ ಆಟದ ಅರ್ಧ ಭಾಗ ಸಮುದ್ರದಲ್ಲಿ ಮುಳುಗಿದೆ ಎಂದು ನನಗಾಗಲಿ ಅವನಿಗಾಗಲಿ ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಇರುವ ಗೋಡೆ ಯಾರಿಗೆ ಕಾಣುತ್ತದೆ ಹೇಳಿ?

ಹಾರವಾಡದಲ್ಲಿ ಇಳಿದಾಗ ದಾಮು ನಮ್ಮಿಬ್ಬರನ್ನೂ ಜೊತೆಗೆ ಕರೆದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ತಾಂಡೇಲರು ಮನೆಯ ಮುಂದೆ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ತಲೆಯೆತ್ತದೆ ಕೇಳಿದರು.

"ಎಂತಾ ಆಯ್ತು?"

"ತಗೊಂಡಿಲ್ಲ."

"ಯಾಕೆ?"

"ಬಾಲೆಲ್ಲಾ ಸಮುದ್ರದ ಬದಿಗೇ ಹಾಕಿದ್ರು ಅಪ್ಪಾ. ಬಿಟ್ಟೆ."

ಅವರ ಕೈ ನಿಂತಿತು. ಆಗ ತಲೆಯೆತ್ತಿ ಮಗನನ್ನು ನೋಡಿದರು.

"ಅಲ್ಲಿ ಸಮುದ್ರ ಇತ್ತಾ?"

"ಇಲ್ಲ," ಎಂದ ದಾಮು.

ಬೇರೆ ಅಪ್ಪನಾಗಿದ್ದರೆ ನಗುತ್ತಿದ್ದನೋ, ಬೈಯುತ್ತಿದ್ದನೋ. ತಾಂಡೇಲರು ಎರಡೂ ಮಾಡಲಿಲ್ಲ. ಹೋಗಿ ಊಟ ಮಾಡಿ ಎಂದು ಹೇಳಿ ಮತ್ತೆ ಬಲೆಗೆ ಕೈ ಹಾಕಿದರು. ನಾನು ನೋಡುತ್ತಲೇ ಇದ್ದೆ, ಕೈ ಹಾಕಿದರೇ ಹೊರತು ಹೆಣೆಯಲಿಲ್ಲ. ದಾಮು ಬ್ಯಾಟನ್ನು ಅವರ ಪಕ್ಕದಲ್ಲಿ ಒರಗಿಸಿ ಒಳಗೆ ಹೋದ. ಮಾತು ಕೊಟ್ಟಿದ್ದನಲ್ಲ, ಅದರ ಪ್ರಕಾರ ಅವನ ಆಟ ಅಲ್ಲಿಗೆ ಮುಗಿದಿತ್ತು.

ಮರುದಿನ ಸಂಜೆ ಇಳಿತದ ಹೊತ್ತಿಗೆ ನಾವು ದಂಡೆಗೆ ಹೋದೆವು. ದಾಮು ಬಂದಿದ್ದ, ಆದರೆ ದೂರದಲ್ಲಿ ಮರಳಿನ ಮೇಲೆ ಕೂತಿದ್ದ. ಸ್ಟಂಪು ನೆಡುವ ಉತ್ಸಾಹ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಗಾಳಿಮರದ ಆಚೆಯಿಂದ ತಾಂಡೇಲರು ಬರುವುದು ಕಂಡಿತು. ಭುಜದ ಮೇಲೆ ರಂಪಣಿಯ ಹಗ್ಗದ ಸುರುಳಿ. ಹಿಂದೆ ಅರ್ಧ ಕೇರಿ. ಕೆಲವರು ದೋಣಿ ಉರುಳಿಸುವ ಮರದ ದಿಮ್ಮಿಗಳನ್ನು ಹೊತ್ತಿದ್ದರು. ಇಷ್ಟು ಹೊತ್ತಿಗೆ ಯಾವ ಬಲೆ ಎಂದು ನನಗೆ ತಿಳಿಯಲಿಲ್ಲ.

ಅವರು ಸೀದಾ ನಮ್ಮ ವಿಕೆಟ್ ಕೀಪರ್ ಹತ್ತಿರ ಹೋದರು. ಒಡೆದ ದೋಣಿಯ ಮೂತಿಗೆ ಹಗ್ಗ ಬಿಗಿದು, ಹಿಂದಿನಿಂದ ಎತ್ತಿ ಅಡಿಗೆ ದಿಮ್ಮಿ ಕೊಡಲು ಕೆಲವರನ್ನು ನಿಲ್ಲಿಸಿ, ನಮ್ಮ ಕಡೆ ಒಂದು ಸಲ ನೋಡಿದರು. ನಾವು ಓಡಿ ಹೋಗಿ ಹಗ್ಗ ಹಿಡಿದೆವು. ಅದು ಎಷ್ಟು ವರ್ಷ ಅಲ್ಲಿ ಕೂತಿತ್ತೋ, ಬುಡದಲ್ಲಿ ಏಡಿಗಳು ಸಂಸಾರ ಹೂಡಿದ್ದವು. ಮೊದಲು ಅಲುಗಲೇ ಇಲ್ಲ. ಬಲೆ ಎಳೆಯುವಾಗ ಹಾಕುವ ಅದೇ ಕೂಗು ಹಾಕಿ ಎಳೆದೆವು. ಮುಂದೆ ವಿಠೋಬ, ನಡುವೆ ನಾನು, ನನ್ನ ಹಿಂದೆ ಸೀರೆ ಮೇಲೆ ಕಟ್ಟಿದ ನಾಗಮ್ಮತ್ತೆ. ದಾಮು ಯಾವಾಗ ಎದ್ದು ಬಂದನೋ ಗೊತ್ತಿಲ್ಲ, ನೋಡಿದರೆ ಅಪ್ಪನ ಪಕ್ಕದಲ್ಲಿ ದೋಣಿಗೆ ಹೆಗಲು ಕೊಟ್ಟಿದ್ದ. ಒಮ್ಮೆ ಅಲುಗಿದ ಮೇಲೆ ಅದು ಮರಳು ಉಜ್ಜುತ್ತ ಪಿಚ್ಚಿನ ಉದ್ದಕ್ಕೂ ಹೋಗಿ ಉತ್ತರದ ತುದಿ ದಾಟಿ ನಿಂತಿತು.

ತಾಂಡೇಲರು ತಾವೇ ಮೂರು ಸ್ಟಂಪುಗಳನ್ನು ಅದರ ಮುಂದೆ ನೆಟ್ಟರು. ಆ ತುದಿಯಿಂದ ದಕ್ಷಿಣಕ್ಕೆ ಮುಖಮಾಡಿ ನಿಂತರೆ ಸಮುದ್ರ ಎದೆಯ ಕಡೆ, ಗಾಳಿಮರ ಬೆನ್ನಿನ ಕಡೆ. ಹಗ್ಗ ಸುತ್ತಿಕೊಳ್ಳುತ್ತ ಅವರು ಹೇಳಿದ್ದು ಇಷ್ಟೆ.

"ಇನ್ನು ಇಲ್ಲಿಂದ ಆಡಿ. ಬರೂ ವರ್ಷ ನೋಡ್ವಾ."

ಮನೆಯಿಂದ ತಂದಿದ್ದ ಬ್ಯಾಟನ್ನು ಮಗನ ಕೈಗೆ ಕೊಟ್ಟು ಹೊರಟುಹೋದರು. ಕಾನೂನು ಮಾತ್ರ ಬದಲಾಗಲಿಲ್ಲ, ಸಮುದ್ರಕ್ಕೆ ಹೊಡೆದರೆ ಔಟೇ. ಆ ವರ್ಷ ನಾವು ಕಳೆದುಕೊಂಡ ಬಾಲುಗಳಿಂದ ಒಂದು ಅಂಗಡಿ ತೆರೆಯಬಹುದಿತ್ತು. ವಿಠೋಬನಂತೂ ಹಳೇ ಬ್ಯಾಟು ಹಿಡಿದು ದಿನಕ್ಕೊಂದು ಬಾಲು ಮೀನುಗಳಿಗೆ ದಾನ ಮಾಡುತ್ತಿದ್ದ. ಮರುವರ್ಷ ದಾಮು ಅದೇ ಬ್ಯಾಟು ತೆಗೆದುಕೊಂಡು ಹೋಗಿ ಆಯ್ಕೆಯಾಗಿ ಬಂದ. ಹುಬ್ಬಳ್ಳಿಗೆ ಹೋಗಿ ಕೆಲವು ಮ್ಯಾಚು ಆಡಿದ. ದೊಡ್ಡ ಆಟಗಾರನೇನೂ ಆಗಲಿಲ್ಲ. ಈಗ ಅವನೇ ತಾಂಡೇಲ, ಸಿಕ್ಕಾಗಲೆಲ್ಲ ಮೊದಲು ಮೀನು ಕೊಡುತ್ತಾನೆ, ಆಮೇಲೆ ಕ್ರಿಕೆಟ್ ಮಾತಾಡುತ್ತಾನೆ.

ಅದಿರಲಿ, ಆ ಸಂಜೆಯದ್ದು ಮುಗಿಸಿಬಿಡುತ್ತೇನೆ. ದೋಣಿ ಎಳೆದ ಜನ ಹೋಗದೆ ನೋಡುತ್ತ ನಿಂತಿದ್ದರು. ವಿಠೋಬನೇ ಬೌಲರು. ಬೇಕೆಂದೇ ದಾಮುವಿನ ಕಾಲಿನ ಮೇಲೆ ಹಾಕಿದ. ನನ್ನ ಬಾಯಲ್ಲಿ "ಬಿಡು" ಬಂದೇ ಬಿಟ್ಟಿತ್ತು, ನುಂಗಿಕೊಂಡೆ. ದಾಮು ಕಾಲೆತ್ತಿದ, ಬಿಟ್ಟ. ಎರಡನೆಯದನ್ನೂ ಬಿಟ್ಟ. ಕೈ ಹೋಗುತ್ತಿರಲಿಲ್ಲ, ನೋಡುವವರಿಗೇ ಸಂಕಟವಾಗುತ್ತಿತ್ತು. ಮೂರನೆಯದಕ್ಕೆ ಅವನು ಒಂದು ಸಲ ತಿರುಗಿ ಬೆನ್ನಿನ ಕಡೆ ಮರಗಳಿವೆ ಎಂದು ಖಾತ್ರಿ ಮಾಡಿಕೊಂಡ. ಬಾಲು ಬಂತು, ಮಣಿಕಟ್ಟು ತಿರುಗಿತು, ಎಣ್ಣೆ ಕುಡಿದ ಮರದ ಸದ್ದು ಕೇಳಿತು. ಬಾಲು ನಮ್ಮ ತಲೆಗಳ ಮೇಲಿಂದ ಗಾಳಿಮರದ ಕಡೆ ಹೋಗಿ ಸರಿಯಾಗಿ ನಾಗಮ್ಮತ್ತೆಯ ಒಣಮೀನಿನ ನಡುವೆ ಬಿತ್ತು.

ಅವಳು ಹೋಗಿ ಬಾಲು ಎತ್ತಿಕೊಂಡಳು. ಅಂಟಿದ್ದ ಮೀನಿನ ಹೊಟ್ಟನ್ನು ಸೆರಗಿನಿಂದ ಒರೆಸಿದಳು. ಬುಟ್ಟಿ ಪಕ್ಕದಲ್ಲೇ ಇತ್ತು. ಅದರ ಕಡೆ ನೋಡದೆ ಬಾಲನ್ನು ಬೀಸಿ ನಮ್ಮ ಕಡೆಗೇ ಎಸೆದಳು.

"ನನ್ನ ಪಾಲಿಂದು ಬಂತು," ಎಂದಳು. "ಇನ್ನು ಉಳ್ದೋರ ಪಾಲಿಂದು ಹೊಡಿ."